ಮೇಸ್ತ್ರಿಯ ‘ಗ್ಯಾಸ್’ ಮತ್ತು ನಮ್ಮ ತಾಲೂಕು ಆಸ್ಪತ್ರೆ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಹಿಡಿದುಕೊಂಡೆ ಅಂತ ಆಮೇಲೆ ಹೇಳುತ್ತೇನೆ.

ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವನು. ಕಳೆದ ಆಷಾಢದಲ್ಲಿ, ಬೆಳಗ್ಗೆ ಹಾಜರಿ ಹಾಕುವ ಹೊತ್ತಿಗೆ ನಮ್ಮ ಮೇಸ್ತ್ರಿ ಎದೆ ಹಿಡಿದುಕೊಂಡು ಕೂತರು. “ಗ್ಯಾಸ್ ರೈಟ್ರೇ. ರಾತ್ರಿ ಕಡುಬು, ಹಂದಿ ಸಾರು ಜಾಸ್ತಿ ಆಯ್ತು. ಒಂದು ಸೋಡಾ ತರಿಸಿ” ಅಂದರು. ಹೊರಗೆ ಜಡಿಮಳೆ, ಎಲ್ಲರೂ ನಡುಗುತ್ತಿದ್ದಾರೆ, ಇವರ ಹಣೆಯಲ್ಲಿ ಮಾತ್ರ ಬೆವರು. ನೋವು ದವಡೆಗೂ ಎಡಗೈಗೂ ಹತ್ತಿದೆ ಅಂದಾಗ ನನ್ನ ಕೈಕಾಲು ಆಡಲಿಲ್ಲ. ಸೋಡಾ ತರಿಸಲಿಲ್ಲ, ಅವರನ್ನು ನಡೆಯೋಕೂ ಬಿಡಲಿಲ್ಲ. ಒರಗಿಸಿ ಕೂರಿಸಿ, ಕಾಫಿ ಕಣದ ಮೂಲೆಗೆ ಓಡಿ 108ಕ್ಕೆ ಫೋನ್ ಮಾಡಿದೆ. ನಮ್ಮಲ್ಲಿ ಸಿಗ್ನಲ್ ಸಿಗೋದು ಅಲ್ಲೊಂದೇ ಕಡೆ, ಅದೂ ಕರೆಂಟ್ ಇದ್ದರೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಸುಮ್ನೆ ವಿಚಾರಿಸುತ್ತಾ ಕೂರಲಿಲ್ಲ. ಅಂಗಿ ಬಿಚ್ಚಿಸಿ ಇಸಿಜಿ ತೆಗೆದೇ ಬಿಟ್ಟರು. ಹತ್ತು ನಿಮಿಷವೂ ಆಗಿರಲಿಲ್ಲ. ಅದು ಆನ್‌ಲೈನಲ್ಲೇ ದೊಡ್ಡಾಸ್ಪತ್ರೆಯ ಹಾರ್ಟ್ ಡಾಕ್ಟರಿಗೆ ಹೋಗಿ, ಹಾರ್ಟ್ ಅಟ್ಯಾಕೇ ಅಂತ ಉತ್ತರ ಬಂತು. ಆಸ್ಪಿರಿನ್ ಅಗಿಯೋಕೆ ಕೊಟ್ಟರು. ಆಮೇಲೆ “ತೂಕ ಎಷ್ಟು?” ಅಂದರು. ಈ ಹೊತ್ತಲ್ಲಿ ತೂಕ ಯಾಕಪ್ಪಾ ಅನ್ನಿಸಿತು. ಟೆನೆಕ್ಟೆಪ್ಲೇಸ್ ಅಂತ ಒಂದು ಇಂಜೆಕ್ಷನ್, ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುತ್ತದೆ. ತೂಕ ನೋಡಿಯೇ ಅದರ ಡೋಸ್. ಮೊದಲು ಸ್ಟ್ರೋಕ್ ಆಗಿತ್ತಾ, ಎಲ್ಲಾದರೂ ರಕ್ತ ಹೋಗಿತ್ತಾ ಅಂತಲೂ ಕೇಳಿ ಕೊಟ್ಟರು. ಹೊರಗಾದರೆ ಇದಕ್ಕೆ ಸಾವಿರಾರು ರೂಪಾಯಿ. ಇಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಉಚಿತ. ಸರ್ಕಾರ ಮೊದಲೇ ಶುರು ಮಾಡಿದ್ದ ಯೋಜನೆ, ನನಗೆ ಗೊತ್ತಾಗಿದ್ದು ಅವತ್ತು. ಇಲ್ಲಿಗೆ ಬರದೆ ನೇರ ಮಂಗಳೂರಿಗೆ ಹೊರಟಿದ್ದರೆ ಘಾಟಿ ಇಳಿಯುವಷ್ಟರಲ್ಲಿ... ಬಿಡಿ. ಮಾರನೇ ದಿನ ಅಲ್ಲಿಗೂ ಹೋದೆವು. ಆಂಜಿಯೋಗ್ರಾಂ ಮಾಡಿ ಒಂದು ಸ್ಟೆಂಟ್ ಹಾಕಿದರು.

ಈಗ ಆ ಒಂದು ಸ್ಟಾರ್. 108ರಲ್ಲಿ ಬಂದ ನಮ್ಮನ್ನು ನೇರ ಒಳಗೆ ಕರೆದುಕೊಂಡರು, ಸರಿ. ನಮ್ಮ ಹಿಂದೆಯೇ ಆಟೋದಲ್ಲಿ ಬಂದ ಅಜ್ಜಿಯೊಬ್ಬರು “ಎದೆ ಉರಿ, ಉಸಿರು ಕಟ್ಟುತ್ತೆ” ಅನ್ನುತ್ತಾ ಚೀಟಿ ಮಾಡಿಸುವ ಸಾಲಲ್ಲಿ ನಿಂತಿದ್ದರು. ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ ಎಷ್ಟೋ ಸಲ ಅಟ್ಯಾಕ್ ಬರೋದೇ ಹಾಗಂತೆ, ಜೋರು ನೋವೇ ಇರೋದಿಲ್ಲ. ಎದೆ ತೊಂದರೆ ಇರುವವರು ಸಾಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ ಅಂತ ಒಂದು ಬೋರ್ಡ್ ಹಾಕೋಕೆ ಏನು ಕಷ್ಟ, ಅಲ್ವಾ?

ಕಳೆದ ತಿಂಗಳು ಬಿಪಿ ಮಾತ್ರೆಗೆ ಹೋದಾಗಲೂ ಬೋರ್ಡ್ ಇರಲಿಲ್ಲ. ಮೇಸ್ತ್ರಿ ಸಾಲಿನ ಪಕ್ಕ ನಿಂತು, “ಯಾರಿಗಾದ್ರೂ ಎದೆನೋವಾ?” ಅಂತ ಕೂಗುತ್ತಿದ್ದರು. ತೋಟದಲ್ಲಿ ಹಾಜರಿ ಕೂಗುವ ಅದೇ ದನಿ.