ಮುಂಬೈ ಬಳಿಯ ಡೊಂಬಿವಲಿ ಮನೆಗೆ ಫ್ರೀ ಡಿಶ್ಶೋ, ಡಿಟಿಎಚ್ಚೋ, ಕೇಬಲ್ಲೋ?

ಮೊದಲು ಚಾನೆಲ್ ನೋಡಿ. ಡಿಡಿ ಫ್ರೀ ಡಿಶ್‌ಗೆ ತಿಂಗಳ ದುಡ್ಡಿಲ್ಲ, ಚಂದನ ಬರುತ್ತದೆ. ಅಷ್ಟು ಸಾಕೆನ್ನುವವರಿಗೆ ಅದೇ ಸರಿ. ಮನೆಯಲ್ಲಿ ಪೇ ಚಾನೆಲ್‌ಗಳ ಕನ್ನಡ ಧಾರಾವಾಹಿ ತಪ್ಪಿಸದವರಿದ್ದರೆ ಡಿಟಿಎಚ್ (ದುಡ್ಡು ಕಟ್ಟುವ ಖಾಸಗಿ ಕಂಪನಿಯ ಡಿಶ್) ಹಾಕಿಸಿ. ಕೇಬಲ್‌ನವರಲ್ಲಿ ಕನ್ನಡ ಪ್ಯಾಕ್ ಇದೆಯೇ ಎಂದು ಮುಂಚೆಯೇ ಕೇಳಿ.

ಡಿಶ್‌ಗೆ ಆಕಾಶ ಕಾಣಬೇಕು. ಫ್ರೀ ಡಿಶ್‌ನ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಇಲ್ಲಿಂದ ಆಗ್ನೇಯಕ್ಕೆ, ದಿಗಂತದಿಂದ ಸುಮಾರು 58 ಡಿಗ್ರಿ ಎತ್ತರದಲ್ಲಿ. ಎದುರಿನ ಕಟ್ಟಡ ಅಡ್ಡವಿದ್ದು, ಟೆರೇಸಿಗೆ ಸೊಸೈಟಿಯೂ ಒಪ್ಪದಿದ್ದರೆ ಕೇಬಲ್ಲೇ ಗತಿ.

ಜೋರು ಮಳೆಗೆ ಎರಡೂ ಬಗೆಯ ಡಿಶ್ ಸ್ವಲ್ಪ ಹೊತ್ತು ಕೈಕೊಡುತ್ತವೆ. ಮಳೆ ನಿಂತರೂ ಚಿತ್ರ ಬಾರದಿದ್ದರೆ ಬಾಕ್ಸಿನ ಪ್ಲಗ್ ತೆಗೆದು ಎಲ್‌ಎನ್‌ಬಿಯ (ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಭಾಗ) ಕನೆಕ್ಟರ್ ಬಿಚ್ಚಿ. ಒಳಗಿನ ತಂತಿ ಹಸಿರುಗಟ್ಟಿದ್ದರೆ ನೀರು ಇಳಿದಿದೆ: ಆ ತುದಿ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ನೀರು ತೊಟ್ಟಿಕ್ಕಿ ಹೋಗುವಂತೆ ವೈರನ್ನು ಕೆಳಕ್ಕೆ ಬಾಗಿಸಿ ಬಿಡಿ.