ಚಿತ್ರಕಥೆ ಅಂತ ತರಿಸಿದರೆ ಬಂದದ್ದು ಬೇರೆಯೇ

ಮೂರು ಪುಸ್ತಕ ಒಟ್ಟಿಗೆ ತರಿಸಿದ್ದೆ. ಒಂದು ಆಧುನಿಕ ನಾಟಕಗಳ ಸಂಕಲನ, ಒಂದು ಸಿನಿಮಾದ ಚಿತ್ರಕಥೆ, ಮತ್ತೊಂದು ಚಿತ್ರಕಥೆ ಬರೆಯುವುದನ್ನು ಹೇಳಿಕೊಡುವ ಪುಸ್ತಕ. ಮೊದಲನೆಯದು ದಿನವೂ ಕೈಯಲ್ಲಿದೆ. ಎರಡನೆಯದರ ಮೇಲೆ ಇನ್ನೂ ಸಿಟ್ಟಿದೆ.

ನಾನು ಹವ್ಯಾಸಿ ನಾಟಕ ತಂಡದಲ್ಲಿ ಹನ್ನೊಂದು ವರ್ಷದಿಂದ ಪ್ರಾಂಪ್ಟರ್, ಅಂದರೆ ನಟರು ಮಾತು ಮರೆತರೆ ಮರೆಯಿಂದ ಹೇಳಿಕೊಡುವವನು. ಸೈಡ್‌ವಿಂಗಿನ ಕತ್ತಲಲ್ಲಿ ಸ್ಟೂಲ್ ಮೇಲೆ ಕೂತು, ಒಂದು ಕೈಯಲ್ಲಿ ಸಣ್ಣ ಟಾರ್ಚ್, ತೊಡೆಯ ಮೇಲೆ ಪುಸ್ತಕ. ಹಾಗಾಗಿ ಯಾವ ನಾಟಕದ ಪುಸ್ತಕ ಬಂದರೂ ಮೊದಲು ನೋಡುವುದು ಬೈಂಡಿಂಗ್. ಮಧ್ಯಕ್ಕೆ ತೆರೆದು ಕೈ ಬಿಡುತ್ತೇನೆ. ತಾನಾಗಿಯೇ ಮುಚ್ಚಿಕೊಂಡರೆ ನನಗೆ ಬೇಡ. ಈ ಸಂಕಲನ ತೆರೆದಲ್ಲೇ ನಿಂತಿತು. ಹೊಲಿಗೆ ಹಾಕಿದ ಬೈಂಡಿಂಗ್, ಬರೀ ಗೋಂದಲ್ಲ. ಪಾತ್ರದ ಹೆಸರು ದಪ್ಪ ಅಕ್ಷರದಲ್ಲಿದೆ, ರಂಗಸೂಚನೆ ಓರೆ ಅಕ್ಷರದಲ್ಲಿದೆ, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಲು ಜಾಗ ಬಿಟ್ಟಿದ್ದಾರೆ. ಒಂದೇ ದೂರು ಅಂದರೆ ಉದ್ದನೆಯ ಮುನ್ನುಡಿ. ಅದು ಪ್ರತಿ ನಾಟಕದ ಕೊನೆಯನ್ನೂ ಮೊದಲೇ ಹೇಳಿಬಿಡುತ್ತದೆ. ಅದನ್ನು ಕೊನೆಗೆ ಓದಿ.

ಇದರಲ್ಲಿ ಹೆರಾಲ್ಡ್ ಪಿಂಟರ್ ನಾಟಕವೂ ಇದೆ. ಪಿಂಟರ್ ಅಂದರೆ ಪ್ರಾಂಪ್ಟರ್‌ಗೆ ಎದೆ ಡವಡವ. ಅವರು ಮೂರು ಚುಕ್ಕಿ, ‘ವಿರಾಮ’, ‘ಮೌನ’ ಅಂತ ಮೂರು ಥರ ಸುಮ್ಮನಿರಿಸುತ್ತಾರೆ. ಮೂರಕ್ಕೂ ಅರ್ಥ ಬೇರೆ. ನಟ ನಿಂತಿದ್ದಾನೆ. ವಿರಾಮ ಕೊಡುತ್ತಿದ್ದಾನಾ, ಮಾತು ಮರೆತನಾ? ಒಮ್ಮೆ ನಾನು ದುಡುಕಿ ಮುಂದಿನ ಸಾಲು ಹೇಳಿಬಿಟ್ಟೆ. ಅವನು ನಿಜವಾಗಿಯೂ ವಿರಾಮದಲ್ಲಿದ್ದ! ಅವತ್ತು ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ಆಗ ನನ್ನ ಕೈಯಲ್ಲಿದ್ದ ಹಳೇ ಪ್ರತಿಯಲ್ಲಿ ವಿರಾಮ ಅನ್ನುವ ಪದವನ್ನು ಮಾತಿನ ಸಾಲಿನೊಳಗೇ ತುರುಕಿದ್ದರು, ಟಾರ್ಚ್ ಬೆಳಕಿಗೆ ಕಣ್ಣಿಗೇ ಬೀಳಲಿಲ್ಲ. ಈ ಸಂಕಲನದಲ್ಲಿ ಪ್ರತಿ ವಿರಾಮಕ್ಕೂ ಬೇರೆ ಸಾಲು ಕೊಟ್ಟಿದ್ದಾರೆ. ಎರಡು ಸಾಲು ಮೇಲಿರುವಾಗಲೇ ಬರುತ್ತಿರುವುದು ಕಾಣುತ್ತದೆ. ಪುಸ್ತಕದ ಬೆಲೆ ನನಗೆ ಅಲ್ಲೇ ವಸೂಲಾಯಿತು.

ಇಬ್ಸೆನ್‌ನ ‘ಗೊಂಬೆಯ ಮನೆ’ಯೂ ಇದೆ. ಅದರ ಕೊನೆಯ ಸಾಲು ಯಾರ ಮಾತೂ ಅಲ್ಲ. ಕೆಳಗೆ ಬಾಗಿಲು ಮುಚ್ಚಿದ ಸದ್ದು ಕೇಳಬೇಕು ಅನ್ನುವ ರಂಗಸೂಚನೆ, ಅಷ್ಟೇ. ಆ ಪುಸ್ತಕ ಅಚ್ಚಾಗಿ ಬಂದದ್ದು 1879ರ ಡಿಸೆಂಬರ್ 4ರಂದು. ರಂಗದ ಮೇಲೆ ಬಂದದ್ದು 21ರಂದು. ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೋ’ ನಾಟಕವೂ ಹಾಗೇ. ಪುಸ್ತಕ 1952ರಲ್ಲಿ, ಪ್ರದರ್ಶನ 1953ರ ಜನವರಿಯಲ್ಲಿ. ಅಂದರೆ ಮೊದಲು ಓದಿದವರಿಗೆ ಯಾವ ನಟನ ಮುಖವೂ ಗೊತ್ತಿರಲಿಲ್ಲ. ಇಬ್ಸೆನ್‌ನ ಆ ಬಾಗಿಲನ್ನು ಅವರವರ ತಲೆಯಲ್ಲೇ ಮುಚ್ಚಿಕೊಳ್ಳಬೇಕಿತ್ತು. ನಾಟಕ ಬರೆಯುವುದೇ ಹಾಗಲ್ವಾ, ಮುಂದೆ ಯಾರೋ ಬಂದು ಮಾಡಲಿ ಅಂತ.

ಚಿತ್ರಕಥೆ ಪುಸ್ತಕದಲ್ಲಿ ನಾನು ಹುಡುಕಿದ್ದೂ ಅದೇ. ಸಿನಿಮಾ ಆಗುವುದಕ್ಕೆ ಮುಂಚೆ ಕಾಗದದ ಮೇಲೆ ಏನಿತ್ತು? ಮುಖಪುಟದಲ್ಲಿ ‘ಮೂಲ ಚಿತ್ರಕಥೆ’ ಅಂತ ದೊಡ್ಡದಾಗಿ ಹಾಕಿದ್ದರು. ರಾತ್ರಿ ಸಿನಿಮಾ ಹಾಕಿಕೊಂಡು, ಅಭ್ಯಾಸಬಲ ನೋಡಿ, ಪುಸ್ತಕ ತೊಡೆ ಮೇಲಿಟ್ಟುಕೊಂಡೆ. ಒಂದು ಮಾತೂ ಆಚೀಚೆ ಇಲ್ಲ. ನಾಯಕ ಮೆಟ್ಟಿಲು ಹತ್ತುತ್ತಾ ಒಂದು ಹೆಸರು ಹೇಳಲು ಹೋಗಿ ತೊದಲುತ್ತಾನೆ, ಮತ್ತೆ ಮೊದಲಿಂದ ಹೇಳುತ್ತಾನೆ. ಪುಸ್ತಕದಲ್ಲಿ ಆ ತೊದಲೂ ಅಚ್ಚಾಗಿದೆ! ಯಾರೋ ಸಿನಿಮಾ ನೋಡಿಕೊಂಡು ಬರೆದುಕೊಂಡದ್ದು ಅಂತ ಅಲ್ಲಿಗೆ ಖಾತ್ರಿಯಾಯಿತು. ಮಾರಿದವರಿಗೆ ಬರೆದೆ. “ಸಿನಿಮಾದಲ್ಲಿ ಇದ್ದದ್ದೇ ಪುಸ್ತಕದಲ್ಲೂ ಇದೆಯಲ್ಲ ಸರ್, ತಪ್ಪೇನು?” ಅಂತ ಉತ್ತರ ಬಂತು. ನನ್ನ ದೂರೇ ಅದು ಮಾರಾಯ್ರೇ.

ನಿಜವಾದ ಶೂಟಿಂಗ್ ಸ್ಕ್ರಿಪ್ಟ್‌ನಲ್ಲಿ ಗಾಯದ ಗುರುತುಗಳಿರುತ್ತವೆ. ಹಾಲಿವುಡ್ ಪದ್ಧತಿಯಲ್ಲಿ ದೃಶ್ಯಕ್ಕೆ ನಂಬರ್ ಬಿದ್ದ ಮೇಲೆ ಅದನ್ನು ತೆಗೆದರೂ ನಂಬರ್ ಉಳಿಯುತ್ತದೆ, ಪಕ್ಕದಲ್ಲಿ ‘ಕೈಬಿಟ್ಟಿದೆ’ ಅಂತ ಇರುತ್ತದೆ. 45ನೇ ಪುಟ ಆದಮೇಲೆ ಹೊಸದಾಗಿ ಸೇರಿಸಿದ 45ಎ ಬರಬಹುದು. ಬದಲಾದ ಸಾಲಿನ ಪಕ್ಕ ನಕ್ಷತ್ರದ ಗುರುತು. ಕೊರಿಯರ್ ಅನ್ನುವ ಟೈಪ್‌ರೈಟರ್ ಥರದ ಅಕ್ಷರದಲ್ಲಿ, 12 ಪಾಯಿಂಟ್ ಗಾತ್ರದಲ್ಲಿ, ಒಂದು ಪುಟಕ್ಕೆ ಹೆಚ್ಚುಕಮ್ಮಿ ಒಂದು ನಿಮಿಷ ಅನ್ನುವ ಲೆಕ್ಕ. ಈ ಪುಸ್ತಕದಲ್ಲಿ ಎರಡು ಗಂಟೆಯ ಸಿನಿಮಾವನ್ನು 88 ಪುಟಕ್ಕೆ ಒತ್ತಿದ್ದಾರೆ, ಆ ಲಯವೂ ಹೋಯಿತು. ನನ್ನ ಹತ್ತಿರ ಹಿಂದೆ ಕೊಂಡ ಇನ್ನೊಂದು ಚಿತ್ರಕಥೆ ಇದೆ. ಅದರಲ್ಲಿ ಸಿನಿಮಾದಲ್ಲಿಲ್ಲದ ಎರಡು ಪುಟದ ದೃಶ್ಯ ಸಿಕ್ಕಿತು. ಸಿನಿಮಾದಲ್ಲಿ ಮುಂದೆ ತಂಗಿ ಅಣ್ಣನ ಮೇಲೆ ಯಾಕೆ ಅಷ್ಟು ಉರಿದುಬೀಳುತ್ತಾಳೆ ಅನ್ನುವುದು ಆಗಲೇ ಗೊತ್ತಾದದ್ದು. ಎಡಿಟಿಂಗ್‌ನಲ್ಲಿ ಕಾರಣ ಹೋಗಿ ಬರೀ ಸಿಟ್ಟು ಉಳಿದಿತ್ತು.

ಮೂರನೇ ಪುಸ್ತಕ ಪರವಾಗಿಲ್ಲ. ಮೊದಲ 30 ಪುಟ, ನಡುವೆ 60, ಕೊನೆಗೆ 30 ಅಂತ ಚಿತ್ರಕಥೆ ಕಲಿಸುತ್ತಿದ್ದ ಅಮೆರಿಕದ ಸಿಡ್ ಫೀಲ್ಡ್ 1979ರಲ್ಲೇ ಹೇಳಿದ ಲೆಕ್ಕವನ್ನೇ ಸುತ್ತಿ ಬಳಸಿ ಹೇಳುತ್ತದೆ. ಒಂದು ಅಧ್ಯಾಯ ಮಾತ್ರ ಚೆನ್ನಾಗಿದೆ. ‘ಅವಳಿಗೆ ಬಾಲ್ಯ ನೆನಪಾಯಿತು’ ಅಂತ ಬರೆದರೆ ಕ್ಯಾಮೆರಾ ಏನನ್ನು ತೋರಿಸಬೇಕು ಅಂತ ಕೇಳುತ್ತದೆ. ಉಳಿದದ್ದನ್ನು ಸುಮ್ನೆ ತಿರುವಿಹಾಕಬಹುದು.

ಚಿತ್ರಕಥೆ ಕೊಳ್ಳುವವರು ದುಡ್ಡು ಕೊಡುವ ಮೊದಲು ಎರಡು ಮಾದರಿ ಪುಟ ನೋಡಿ. ಎಷ್ಟನೇ ಕರಡು, ಯಾವ ತಾರೀಖಿನದು ಅಂತ ಇದೆಯಾ, ‘ಕೈಬಿಟ್ಟಿದೆ’ ಅನ್ನುವ ದೃಶ್ಯದ ನಂಬರ್ ಎಲ್ಲಾದರೂ ಇದೆಯಾ ಅಂತ. ಎಲ್ಲವೂ ನೀಟಾಗಿ ಸಿನಿಮಾದಂತೆಯೇ ಇದ್ದರೆ ಬಿಟ್ಟುಬಿಡಿ, ಸಿನಿಮಾ ಹೇಗೂ ನೋಡಿದ್ದೀರಲ್ಲ.