ಮಕ್ಕಳ ಹೆಸರು ಜೋಡಿಸುವ ಆ್ಯಪ್‌ಗಳು: ಎಲ್ಲಿ ನಂಬಬಹುದು, ಎಲ್ಲಿ ಎಡವುತ್ತವೆ

ಮಗುವಿನ ಹೆಸರು ಹುಡುಕುವ ಕೆಲವು ಆ್ಯಪ್‌ಗಳಲ್ಲಿ ‘ಸಿಬ್ಲಿಂಗ್ ಮ್ಯಾಚ್’ ಅಂತ ಒಂದು ಸೌಲಭ್ಯ ಇರುತ್ತೆ. ದೊಡ್ಡ ಮಗುವಿನ ಹೆಸರು ಟೈಪ್ ಮಾಡಿ, ಹುಡುಗನೋ ಹುಡುಗಿಯೋ ಅಂತ ಆರಿಸಿದರೆ ‘ಹೊಂದುವ’ ಹೆಸರುಗಳ ಉದ್ದನೆಯ ಪಟ್ಟಿ ಬರುತ್ತೆ. ಹೆಸರು ಕಲೆಹಾಕೋಕೆ ಇದು ನಿಜಕ್ಕೂ ಉಪಯೋಗ. ಆದರೆ ಹೊಂದುತ್ತೋ ಇಲ್ಲವೋ ಅನ್ನೋ ತೀರ್ಮಾನವನ್ನ ಅದರ ಕೈಗೆ ಕೊಡಬೇಡಿ.

ಯಾಕಂದರೆ ಇವು ನೋಡೋದು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳನ್ನ. ಮೊದಲಕ್ಷರ ಅಥವಾ ಕೊನೆ ಒಂದೇ ಇದ್ದರೆ ಜೋಡಿ ಸರಿ ಅಂತ ಲೆಕ್ಕ. ತ–ಟ, ಶ–ಷ–ಸ ಎಲ್ಲಾ ಒಂದೇ ಬುಟ್ಟಿಗೆ ಬೀಳುತ್ತವೆ. ತನ್ವಿಗೆ ಮಾನ್ವಿ, ತನ್ಮಯನಿಗೆ ಚಿನ್ಮಯ ಸಿಗೋದು ಹೀಗೆ. ಬರೆದಾಗ ಮುದ್ದಾಗಿ ಕಾಣುತ್ತೆ, ಕರೆದಾಗ ತೊಂದರೆ ಶುರು. ದೂರದಿಂದ ಕರೆಯುವಾಗ ಕೊನೆಯ ಸ್ವರ ಎಳೀತೀವಲ್ಲ, ‘ತನ್ವೀ...’, ‘ಮಾನ್ವೀ...’, ಪಕ್ಕದ ಕೋಣೆಗೆ ತಲುಪೋದು ‘ನ್ವೀ’ ಅಷ್ಟೇ. ಯಾರನ್ನ ಕರೆದದ್ದು ಅಂತ ಇಬ್ಬರಿಗೂ ಗೊತ್ತಾಗಲ್ಲ. ಹಾಗಾಗಿ ಪಟ್ಟಿಯಿಂದ ಮೊದಲು ತೆಗೆದುಹಾಕಬೇಕಾದ್ದು ಪ್ರಾಸದ ಜೋಡಿಗಳನ್ನೇ. ಅವಳಿ ಮಕ್ಕಳಾದರೆ ಇನ್ನೂ ಕಟ್ಟುನಿಟ್ಟಾಗಿ ತೆಗೆಯಿರಿ.

ಪ್ರಾಸಕ್ಕಿಂತ ಒಳ್ಳೆಯ ಅಳತೆ ಮಾತ್ರೆ, ಅಂದರೆ ಅಕ್ಷರ ಹೇಳೋಕೆ ಹಿಡಿಯುವ ಕಾಲ. ಶಾಲೆಯಲ್ಲಿ ಕಲಿತ ಲಘು ಒಂದು, ಗುರು ಎರಡು ಇಲ್ಲಿ ಕೆಲಸಕ್ಕೆ ಬರುತ್ತೆ. ಪಲ್ಲವಿ ಅಂದರೆ ಒತ್ತಕ್ಷರದ ಹಿಂದಿನ ‘ಪ’ ಗುರು, ಉಳಿದೆರಡು ಲಘು, ಒಟ್ಟು 4. ಸುಹಾಸ ಅಂದರೆ 1, 2, 1, ಅದೂ 4. ಶುರು ಬೇರೆ, ಕೊನೆ ಬೇರೆ, ತೂಕ ಮಾತ್ರ ಒಂದೇ. ಒಟ್ಟಿಗೆ ಹೇಳಿ ನೋಡಿ, ನಾಲಿಗೆ ಎಲ್ಲೂ ತಡೆಯಲ್ಲ. ಅದೇ ಅನಿಕೇತನ (6) ಪಕ್ಕ ಋತು (2) ಇಟ್ಟರೆ ಉದ್ದದ್ದು ಬಲು ಬೇಗ ‘ಅನಿ’ ಆಗಿಬಿಡುತ್ತೆ. ವ್ಯತ್ಯಾಸ ಎರಡು ಮಾತ್ರೆ ದಾಟದಿದ್ದರೆ ಒಳ್ಳೆಯದು. ‘ಅಕ್ಷರ ಸಂಖ್ಯೆ’ ಫಿಲ್ಟರ್ ಇದ್ದರೂ ಅದು ಮಾತ್ರೆ ಎಣಿಸಲ್ಲ, ಕೈಯಲ್ಲೇ ಎಣಿಸಬೇಕು.

ಇನ್ನು ಅರ್ಥ. ಇಲ್ಲಿ ಆ್ಯಪ್‌ಗಳು ತುಂಬಾ ಕೆಟ್ಟದಾಗಿ ಎಡವುತ್ತವೆ. ಆರವ್ ಅಂದರೆ ‘ಶಾಂತ’ ಅಂತ ಎಷ್ಟೋ ಪಟ್ಟಿಗಳಲ್ಲಿದೆ. ಸಂಸ್ಕೃತದ ‘ಆರವ’ ಅಂದರೆ ಕೂಗು, ಸದ್ದು, ಗದ್ದಲ. ನಮ್ಮ ‘ಕಲರವ’ದಲ್ಲಿ ಇರೋದೂ ಅದೇ ‘ರವ’. ಹೆಸರು ಇಷ್ಟವಾದರೆ ಖಂಡಿತ ಇಡಿ, ಆದರೆ ಅರ್ಥ ನೋಡೋಕೆ ಮೋನಿಯರ್ ವಿಲಿಯಮ್ಸ್‌ನಂಥ ಸಂಸ್ಕೃತ–ಇಂಗ್ಲಿಷ್ ನಿಘಂಟು ತೆರೆಯಿರಿ.

ಜೋಡಿಯ ಅರ್ಥದಲ್ಲಿ ತಪ್ಪು ಇನ್ನೂ ಸೂಕ್ಷ್ಮ. ಅಣ್ಣ ಆದಿತ್ಯನಿಗೆ ತಂಗಿ ಅದಿತಿ ಅಂತ ಸಲಹೆ ಬರುತ್ತೆ, ಅಕ್ಷರ ಹೊಂದುತ್ತವಲ್ಲ. ಆದರೆ ಆದಿತ್ಯ ಅಂದರೇನೇ ಅದಿತಿಯ ಮಗ! ರಘು–ರಾಘವ ಜೋಡಿಯೂ ಹೀಗೇ, ರಾಘವ ಅಂದರೆ ರಘುವಿನ ವಂಶದವನು. ಶಶಾಂಕ ಅಂದರೆ ಚಂದ್ರ, ಅವನ ತಂಗಿಗೆ ರೋಹಿಣಿ ಅಂತ ಇಟ್ಟರೆ ಪುರಾಣದ ಗಂಡ-ಹೆಂಡತಿಯನ್ನ ಅಣ್ಣ-ತಂಗಿ ಮಾಡಿದ ಹಾಗೆ. ಭಾಸ್ಕರ–ಆದಿತ್ಯ ಇಬ್ಬರೂ ಸೂರ್ಯರೇ, ಚಿಕ್ಕವನಿಗೆ ತನ್ನದು ಅನ್ನೋ ಅರ್ಥ ಉಳಿಯಲ್ಲ. ಅದ್ವಿತೀಯ ಅಂದರೆ ಎರಡನೆಯದಿಲ್ಲದ್ದು. ಆ ಹೆಸರಿನ ಹಿಂದೆ ಬರೋ ಮಗುವಿನ ಮನಸ್ಸನ್ನೂ ಯೋಚಿಸಬೇಕು. ಲವ–ಕುಶದಂಥ ಮುಚ್ಚಿದ ಜೋಡಿಯಲ್ಲಿ ಮೂರನೆಯ ಮಗುವಿಗೆ ಜಾಗ ಇಲ್ಲ. ಅದಕ್ಕೇ ಹೂವು, ರಾಗ, ನದಿ ಥರದ ತೆರೆದ ಗುಂಪು ಹಿಡಿಯೋದು ಕ್ಷೇಮ.

ಆ್ಯಪ್ ಮಾಡದ ಪರೀಕ್ಷೆ ಇನ್ನೊಂದಿದೆ: ಎರಡೂ ಹೆಸರಿಗೆ ವಿಭಕ್ತಿ ಹಚ್ಚಿ ಒಂದೇ ವಾಕ್ಯದಲ್ಲಿ ಹೇಳೋದು. ‘ಪಲ್ಲವಿಗೂ ಸುಹಾಸನಿಗೂ ಹಾಸಿಗೆ ಹಾಸು’ ಸಲೀಸಾಗಿ ಬರುತ್ತೆ. ‘ರಕ್ಷಿತ್‌ಗೂ ದೀಕ್ಷಿತ್‌ಗೂ’ ಅಂದಾಗ ‘ತ್‌ಗೂ’ ಎರಡು ಸಲ ನಾಲಿಗೆ ಹಿಡಿಯುತ್ತೆ. ಇಬ್ಬರಲ್ಲಿ ಒಬ್ಬರ ಹೆಸರಾದರೂ ಸ್ವರದಲ್ಲಿ ಮುಗಿಯಲಿ.

ಇಂಗ್ಲಿಷ್ ಸ್ಪೆಲ್ಲಿಂಗ್‌ಗೆ ಬಂದರೆ, ಆ್ಯಪ್ ಒಂದೇ ಹೆಸರಿಗೆ ಮೂರು ನಾಲ್ಕು ಬಗೆ ಕೊಡುತ್ತೆ. ದೀಕ್ಷಾದ ‘ದೀ’ಗೆ ಡಬಲ್ ಇ ಹಾಕಿದ್ದರೆ ಸಮೀರನ ‘ಮೀ’ಗೂ ಅದನ್ನೇ ಹಾಕಿ. ಒಂದೇ ಮನೆಯಲ್ಲಿ ಎರಡು ನಿಯಮ ಇದ್ದರೆ ಅರ್ಜಿ ತುಂಬುವವರು ಪ್ರತಿ ಸಲ ಒಂದನ್ನ ತಪ್ಪು ಬರೀತಾರೆ. ಮೊದಲಕ್ಷರವೂ ಇನಿಶಿಯಲ್ಲೂ ಇಬ್ಬರದ್ದೂ ಒಂದೇ ಆದರೆ ಚುಟುಕಾಗಿ ಬರೆದ ಕಡೆಯೆಲ್ಲಾ ಇಬ್ಬರೂ ಒಬ್ಬರೇ ಆಗ್ತಾರೆ. ಪಟ್ಟಿಯಿಂದ ನಾಲ್ಕೈದು ಹೆಸರು ಆರಿಸಿಕೊಂಡ ಮೇಲೆ ಪೂರ್ತಿ ಹೆಸರನ್ನ ಇನಿಶಿಯಲ್ ಸಮೇತ, ದೊಡ್ಡ ಮಗುವಿನ ಹೆಸರಿನ ಕೆಳಗೇ ಒಮ್ಮೆ ಬರೆದು ನೋಡಿ, ಆಮೇಲೆ ಗಟ್ಟಿಯಾಗಿ ಕರೆದು ನೋಡಿ.